ಮೂರನೇ ಸಭೆ ಸೇರುವ ಮೊದಲು ಗಡಿಯಾರ ನೋಡಿ

ಕಾರ್ಮೆಲ್, ಫ್ರಾನ್ಸಿಸ್ಕನ್, ಡೊಮಿನಿಕನ್, ಈ ಕಥೋಲಿಕ ಸನ್ಯಾಸ ಸಭೆಗಳಲ್ಲಿ ಯಾವುದರ ಶ್ರೀಸಾಮಾನ್ಯರ ಶಾಖೆಗೆ, ಅಂದರೆ ಮೂರನೇ ಸಭೆಗೆ, ಸೇರಲಿ ಎಂದು ಕೇಳುವವರು ಸಾಮಾನ್ಯವಾಗಿ ತಮ್ಮ ಇಷ್ಟದ ಸಂತರ ಹೆಸರಿನಿಂದಲೇ ಮಾತು ಶುರುಮಾಡುತ್ತಾರೆ. ಸಂತ ಅಂತೋಣಿಯವರ ಮೇಲೆ ಭಕ್ತಿ, ಹಾಗಾಗಿ ಫ್ರಾನ್ಸಿಸ್ಕನ್. ಪುಟ್ಟ ತೆರೇಸಮ್ಮನವರ ಮೇಲೆ ಪ್ರೀತಿ, ಹಾಗಾಗಿ ಕಾರ್ಮೆಲ್. ಭಕ್ತಿ ಒಳ್ಳೆಯದೇ, ಆದರೆ ಅದಕ್ಕಾಗಿ ಸಭೆ ಸೇರಬೇಕಿಲ್ಲ, ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಸಾಕು. ಸಭೆ ಸೇರುವುದೆಂದರೆ ಒಂದು ನಿಯಮಕ್ಕೆ ನಿಮ್ಮ ದಿನವನ್ನು ಒಪ್ಪಿಸುವುದು. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀರಿ, ಮನೆಯಲ್ಲಿ ಯಾವಾಗ ಸದ್ದು ಕಡಿಮೆ, ಸಂಜೆ ಕೆಲಸ ಮುಗಿಸಿ ಬಂದ ಮೇಲೆ ತಲೆ ಎಷ್ಟು ಓಡುತ್ತದೆ, ಇವೆಲ್ಲ ತಿಳಿಯದೆ ಸಭೆ ಆರಿಸಿದವರು ಎರಡನೇ ವರ್ಷದ ಹೊತ್ತಿಗೆ ಸದ್ದಿಲ್ಲದೆ ಜಾರಿಕೊಳ್ಳುತ್ತಾರೆ.

ಮೂರನೇ ಸಭೆ ಎಂದರೆ ಏನು ಎಂಬುದನ್ನು 1983ರ ಧರ್ಮಸಭೆಯ ಕಾನೂನು ಸಂಹಿತೆಯ 303ನೇ ವಿಧಿ ಚಿಕ್ಕದಾಗಿ ಹೇಳಿಬಿಡುತ್ತದೆ. ಲೋಕದ ನಡುವೆ ಬದುಕುತ್ತಲೇ ಒಂದು ಸನ್ಯಾಸ ಸಭೆಯ ಚೇತನದಲ್ಲಿ ಪಾಲುಗೊಂಡು, ಆ ಸಭೆಯ ಮೇಲ್ವಿಚಾರಣೆಯಲ್ಲಿ ಪ್ರೇಷಿತ ಜೀವನ ನಡೆಸಿ, ಕ್ರೈಸ್ತ ಪರಿಪೂರ್ಣತೆಗಾಗಿ ಶ್ರಮಿಸುವವರ ಸಂಘ ಅದು. ಮೂರನೇ ಸಭೆ ಎನ್ನಬಹುದು, ಬೇರೆ ತಕ್ಕ ಹೆಸರೂ ಇರಬಹುದು. ಪುರುಷ ಸನ್ಯಾಸಿಗಳು ಮೊದಲನೆಯವರು, ಮಠದೊಳಗಿನ ಸನ್ಯಾಸಿನಿಯರು ಎರಡನೆಯವರು, ಮನೆಯಲ್ಲಿರುವವರು ಮೂರನೆಯವರು. ಅದು ಎಣಿಕೆ ಅಷ್ಟೇ, ದರ್ಜೆಯಲ್ಲ.

ಇಲ್ಲಿ ಎರಡು ಗೊಂದಲ ಪದೇಪದೇ ಎದುರಾಗುತ್ತವೆ. ಕಂದು ಬಣ್ಣದ ಸ್ಕ್ಯಾಪುಲರ್, ಅಂದರೆ ಕೊರಳಿಗೆ ಹಾಕುವ ಪುಟ್ಟ ಬಟ್ಟೆ ತುಂಡುಗಳ ಸರ, ಹಾಕಿಸಿಕೊಂಡವರು ತಾವು ಕಾರ್ಮೆಲ್ ಸಭೆಯ ಸದಸ್ಯರೆಂದು ತಿಳಿದಿರುತ್ತಾರೆ. ಅವರಿಗೆ ಆ ಸಭೆಯೊಡನೆ ಆತ್ಮಿಕ ನಂಟು ಉಂಟು, ನಿಜ. ಆದರೆ ತರಬೇತಿ, ವಾಗ್ದಾನ, ಮಾಸಿಕ ಕೂಟ ಯಾವುದೂ ಇಲ್ಲ, ಹಾಗಾಗಿ ಲೌಕಿಕ ಕಾರ್ಮೆಲ್ ಸಭೆಯವರಲ್ಲ, ಅಂದರೆ ಅದರ ಶ್ರೀಸಾಮಾನ್ಯರ ಶಾಖೆಯವರಲ್ಲ. ಇನ್ನೊಂದು, ಲೌಕಿಕ ಸಂಸ್ಥೆಗಳು. 12ನೇ ಪಯಸ್ ಜಗದ್ಗುರುಗಳು (ಪೋಪ್) 1947ರಲ್ಲಿ ಇವುಗಳಿಗೆ ಕಾನೂನಿನ ನೆಲೆ ಕೊಟ್ಟರು. ಅಲ್ಲಿ ಪೂರ್ಣ ಸದಸ್ಯರು ಬ್ರಹ್ಮಚರ್ಯಕ್ಕೆ ಕಟ್ಟುಬಿದ್ದ ಸಮರ್ಪಿತರು. ಮೂರನೇ ಸಭೆಗಳಲ್ಲಿ ಮದುವೆಯಾದವರು, ಆಗದವರು, ವಿಧವೆಯರು, ವಿಧುರರು, ಧರ್ಮಪ್ರಾಂತ್ಯದ ಗುರುಗಳು ಎಲ್ಲರೂ ಇರುತ್ತಾರೆ. ಮನೆಯಲ್ಲಿ ಮಕ್ಕಳಿರುವವರು ತಪ್ಪು ಬಾಗಿಲು ತಟ್ಟಿ ನಿರಾಶರಾಗುವುದು ಬೇಡ.

ಈ ಬದುಕು ಎಷ್ಟು ಲೌಕಿಕವಾದದ್ದು ಎಂದು ತಿಳಿಯಲು ಫ್ರಾನ್ಸಿಸ್ಕನ್ ಪಶ್ಚಾತ್ತಾಪಿಗಳಿಗೆಂದು, ಅಂದರೆ ಮನೆಯಲ್ಲೇ ಇದ್ದು ತಪಸ್ಸಿನ ಬದುಕು ನಡೆಸುತ್ತಿದ್ದವರಿಗೆಂದು, 1221ರಲ್ಲಿ ಬರೆದ ನಿಯಮ ನೋಡಬೇಕು. ಬಣ್ಣ ಹಾಕದ ಸಾದಾ ಬಟ್ಟೆ, ಅದರ ಬೆಲೆ ಮೊಳಕ್ಕೆ ರವೆನ್ನಾ ಪಟ್ಟಣದ ಆರು ಸೋಲ್ದಿ ನಾಣ್ಯ ಮೀರಬಾರದು. ಭಾನುವಾರ, ಮಂಗಳವಾರ, ಗುರುವಾರ ಬಿಟ್ಟರೆ ಮಾಂಸ ಇಲ್ಲ. ಸೇರುವ ಮೊದಲು ಸಾಲ ತೀರಿಸಿರಬೇಕು, ನೆರೆಯವರೊಡನೆ ರಾಜಿಯಾಗಿರಬೇಕು. ವಾಗ್ದಾನ ಮಾಡಿದ ಮೂರು ತಿಂಗಳೊಳಗೆ ಆಸ್ತಿಯ ಉಯಿಲು ಬರೆದಿಡಬೇಕು. ಗಂಡನ ಒಪ್ಪಿಗೆ ಇಲ್ಲದೆ ವಿವಾಹಿತ ಸ್ತ್ರೀಯನ್ನು ಸೇರಿಸಿಕೊಳ್ಳುವಂತಿಲ್ಲ. ಕೊಲ್ಲುವ ಆಯುಧ ಹಿಡಿಯುವಂತಿಲ್ಲ. ಒಡೆಯರು ಕರೆದಾಗ ಕತ್ತಿ ಹಿಡಿದು ಓಡಬೇಕಿದ್ದ ಕಾಲದಲ್ಲಿ ಈ ಕೊನೆಯ ಮಾತು ಎಷ್ಟು ಜನರ ನಿದ್ದೆಗೆಡಿಸಿರಬೇಕು! 1289ರಲ್ಲಿ ನಾಲ್ಕನೇ ನಿಕೋಲಾಸ್, 1883ರಲ್ಲಿ 13ನೇ ಲಿಯೋ, 1978ರಲ್ಲಿ ಆರನೇ ಪೌಲ್, ಹೀಗೆ ಬೇರೆ ಬೇರೆ ಜಗದ್ಗುರುಗಳ ಕಾಲದಲ್ಲಿ ನಿಯಮ ಮತ್ತೆ ಮತ್ತೆ ಬದಲಾಗಿದೆ. ಬಟ್ಟೆಯ ಬೆಲೆ ಈಗ ನಿಯಮದಲ್ಲಿಲ್ಲ. ಸಾಲ ಮತ್ತು ನೆರೆಯವರ ವಿಷಯವನ್ನು ಈಗಲೂ ಸೇರುವ ಮುನ್ನ ಕೇಳಿಕೊಂಡರೆ ಒಳ್ಳೆಯದು ಅನ್ನಿಸುತ್ತದೆ. ಅಣ್ಣತಮ್ಮಂದಿರ ಜೊತೆ ಮಾತು ಬಿಟ್ಟವರು ಧ್ಯಾನಕ್ಕೆ ಕೂತರೆ ಮೊದಲ ಐದು ನಿಮಿಷದಲ್ಲೇ ಆ ವಿಷಯ ಎದ್ದು ಬರುತ್ತದೆ.

ಈಗ ಸಭೆ ಸಭೆಗೆ ಏನು ವ್ಯತ್ಯಾಸ ಎಂದು ಸಮಯದ ಲೆಕ್ಕದಲ್ಲೇ ನೋಡೋಣ.

ಲೌಕಿಕ ಕಾರ್ಮೆಲ್ ಸಭೆ ಎಲ್ಲಕ್ಕಿಂತ ಸ್ಪಷ್ಟವಾಗಿ ಸಮಯ ಕೇಳುತ್ತದೆ. ದಿನಕ್ಕೆ ಅರ್ಧ ಗಂಟೆ ಮೌನ ಪ್ರಾರ್ಥನೆ, ಹೊತ್ತುಹೊತ್ತಿಗೆ ಕೀರ್ತನೆಗಳನ್ನು ಹೇಳುವ ಧರ್ಮಸಭೆಯ ದೈನಿಕ ಪ್ರಾರ್ಥನೆಯಿಂದ ಬೆಳಗಿನ ಮತ್ತು ಸಂಜೆಯ ಭಾಗ, ಆದಷ್ಟು ದಿನವೂ ಬಲಿಪೂಜೆ, ಸಾಧ್ಯವಾದರೆ ಮಲಗುವ ಮುನ್ನದ ಪ್ರಾರ್ಥನೆ, ತಿಂಗಳಿಗೊಂದು ಕೂಟ. ಬಲಿಪೂಜೆ ಬಿಟ್ಟರೂ ದಿನಕ್ಕೆ ಒಂದು ಗಂಟೆ ಬೇಕು.

ಫ್ರಾನ್ಸಿಸ್ಕನ್ ನಿಯಮದಲ್ಲಿ ನಿಮಿಷಗಳ ಲೆಕ್ಕ ಇಲ್ಲ. 26 ಪರಿಚ್ಛೇದಗಳ ಪುಟ್ಟ ಪಠ್ಯ ಅದು, ಒಂದೇ ಸಲ ಕೂತು ಓದಬಹುದು. ಶುಭಸಂದೇಶದಿಂದ ಬದುಕಿಗೆ, ಬದುಕಿನಿಂದ ಶುಭಸಂದೇಶಕ್ಕೆ ಹೋಗಿಬರುವುದೇ ಅದರ ನಡೆ. ಸುಲಭವಾಗಿ ಕಾಣುತ್ತದೆ, ಆದರೆ ನನ್ನ ಎಣಿಕೆಯಲ್ಲಿ ಇದೇ ಕಠಿಣ. ಅರ್ಧ ಗಂಟೆ ಕೂತೆನೋ ಇಲ್ಲವೋ ಎಂಬುದಕ್ಕೆ ಗಡಿಯಾರ ಸಾಕ್ಷಿ ಹೇಳುತ್ತದೆ. ಬೇಡದ ವಸ್ತು ಕೊಂಡೆನೋ, ಕೈಕೆಳಗಿನವರಿಗೆ ನ್ಯಾಯವಾಗಿ ಕೂಲಿ ಕೊಟ್ಟೆನೋ ಎಂಬುದಕ್ಕೆ ನೀವೇ ಸಾಕ್ಷಿ.

ಶ್ರೀಸಾಮಾನ್ಯ ಡೊಮಿನಿಕನ್ನರು ಪ್ರಾರ್ಥನೆ, ಅಧ್ಯಯನ, ಸಮುದಾಯ, ಶುಭಸಂದೇಶ ಸಾರುವಿಕೆ ಎಂಬ ನಾಲ್ಕು ಕಂಬಗಳನ್ನು ಹೇಳುತ್ತಾರೆ. ಈಗಿನ ನಿಯಮ 1987ರದ್ದು. ಇಲ್ಲಿ ಅಧ್ಯಯನ ಐಚ್ಛಿಕವಲ್ಲ. ಓದುವ ಅಭ್ಯಾಸವೇ ಇಲ್ಲದವರಿಗೆ, ಜಪಸರ ಎಷ್ಟು ಪ್ರಿಯವಾದರೂ, ಈ ಮನೆ ಇಕ್ಕಟ್ಟು ಅನ್ನಿಸುತ್ತದೆ. ಸಿಯೆನಾದ ಕ್ಯಾಥರೀನ್ ಈ ಶಾಖೆಯವರು. 24ನೇ ವಯಸ್ಸಿನಲ್ಲಿ 1925ರಲ್ಲಿ ತೀರಿಕೊಂಡು 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿತರಾದ ಪಿಯೆರ್ ಜಾರ್ಜೋ ಫ್ರಸ್ಸಾತಿ ಕೂಡ.

ಬೆನೆಡಿಕ್ಟೈನ್ ಸಭೆಯ ಓಬ್ಲೇಟರ, ಅಂದರೆ ಮಠಕ್ಕೆ ತಮ್ಮನ್ನು ಅರ್ಪಿಸಿಕೊಂಡು ಹೊರಗೆ ಬದುಕುವವರ, ರೀತಿಯೇ ಬೇರೆ. ಅವರು ಒಂದು ನಿರ್ದಿಷ್ಟ ಮಠಕ್ಕೆ ಸೇರಿದವರಾಗುತ್ತಾರೆ, ಇಡೀ ಸಭೆಗಲ್ಲ. ಸಂತ ಬೆನೆಡಿಕ್ಟರ ನಿಯಮದ 73 ಅಧ್ಯಾಯಗಳನ್ನು ವರ್ಷಕ್ಕೆ ಮೂರು ಸುತ್ತು ಬರುವಂತೆ ದಿನಗಳಿಗೆ ಹಂಚಿರುತ್ತಾರೆ, ದಿನಕ್ಕೊಂದು ತುಣುಕು ಓದುವುದು. ಜೊತೆಗೆ ಧರ್ಮಗ್ರಂಥವನ್ನು ನಿಧಾನವಾಗಿ ಮೆಲುಕುಹಾಕುವ ಓದು. ಯೇಸುಸಭೆಗೆ ಮೂರನೇ ಸಭೆಯೇ ಇಲ್ಲ. ಅದರ ಸ್ಥಾಪಕರಾದ ಇಗ್ನೇಷಿಯಸರ ದಾರಿ ಬೇಕೆನ್ನುವವರಿಗೆ ಕ್ರೈಸ್ತ ಜೀವನ ಸಮುದಾಯ ಇದೆ. 1563ರಲ್ಲಿ ರೋಮಿನ ಯೇಸುಸಭೆಯ ಕಾಲೇಜಿನಲ್ಲಿ ಶುರುವಾದ ಮರಿಯ ಸಂಘಗಳ ಮುಂದುವರಿಕೆ ಅದು. ಸಣ್ಣ ಗುಂಪು, ಆತ್ಮಿಕ ಸಾಧನೆ, ದಿನದ ಕೊನೆಗೆ ಆತ್ಮಪರಿಶೀಲನೆ.

ಯಾವ ಗುಂಪನ್ನೂ ಸಂಪರ್ಕಿಸುವ ಮೊದಲು ಮನೆಯಲ್ಲೇ ನಾಲ್ಕು ವಾರ ಬೆಳಗಿನ ಪ್ರಾರ್ಥನೆ ಮಾಡಿನೋಡಿ. ನಾಲ್ಕೇ ವಾರ ಏಕೆಂದರೆ ದೈನಿಕ ಪ್ರಾರ್ಥನೆಯ ಕೀರ್ತನೆಗಳು ನಾಲ್ಕು ವಾರಕ್ಕೆ ಒಂದು ಸುತ್ತು ಬರುತ್ತವೆ. ಬೆಳಿಗ್ಗೆ, ಸಂಜೆ, ರಾತ್ರಿಯ ಭಾಗಗಳಿರುವ ಒಂದೇ ಸಂಪುಟದ ಪುಸ್ತಕ ಸಾಕು, ನಾಲ್ಕು ಸಂಪುಟ ಈಗಲೇ ಬೇಡ. ಹೊಸಬರು ಸೋಲುವುದು ಭಕ್ತಿಯ ಕೊರತೆಯಿಂದಲ್ಲ, ಪುಟ ಸಿಗದೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪುಸ್ತಕಕ್ಕೆ ನಾಲ್ಕು ಎಳೆ ರಿಬ್ಬನ್ ಬೇಕು. ಒಂದು ಪೂಜಾವರ್ಷದ ಈಗಿನ ಕಾಲದ ಭಾಗಕ್ಕೆ, ಅಂದರೆ ಆಗಮನ ಕಾಲವೋ ತಪಸ್ಸುಕಾಲವೋ ಸಾಧಾರಣ ಕಾಲವೋ ಅದಕ್ಕೆ. ಎರಡನೆಯದು ಕೀರ್ತನೆಗಳ ವಾರಕ್ಕೆ. ಮೂರನೆಯದು ಬದಲಾಗದ ಪಾಠಗಳಿಗೆ, ಜಕರೀಯನ ಸ್ತುತಿಗೀತೆ ಇರುವ ಪುಟಕ್ಕೆ. ನಾಲ್ಕನೆಯದು ಸಂತರ ದಿನಗಳಿಗೆ. ಸಾಧಾರಣ ಕಾಲದಲ್ಲಿ ಎಷ್ಟನೇ ವಾರ ಎಂಬುದನ್ನು ನಾಲ್ಕರಿಂದ ಭಾಗಿಸಿ, ಉಳಿದದ್ದೇ ಕೀರ್ತನೆಗಳ ವಾರ. 22ನೇ ವಾರವಾದರೆ ಎರಡು ಉಳಿಯುತ್ತದೆ, ಎರಡನೇ ವಾರ. ಏನೂ ಉಳಿಯದಿದ್ದರೆ ನಾಲ್ಕನೇ ವಾರ. ಆಗಮನ ಕಾಲದ ಮೊದಲ ಭಾನುವಾರ ಮತ್ತು ತಪಸ್ಸುಕಾಲದ ಮೊದಲ ಭಾನುವಾರ ಲೆಕ್ಕ ಮತ್ತೆ ಒಂದರಿಂದ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಆ ಶನಿವಾರದವರೆಗೆ ನಾಲ್ಕನೇ ವಾರ. ಇಲ್ಲೇ ಬಹಳ ಜನ ತಪ್ಪುತ್ತಾರೆ.

ದಿನದ ಮೊದಲ ಪ್ರಾರ್ಥನೆ ಇದೇ ಆದರೆ ಆಹ್ವಾನದ ಕೀರ್ತನೆಯಿಂದ, ಸಾಮಾನ್ಯವಾಗಿ 95ನೆಯದು, ಶುರು. ಆಮೇಲೆ ಗೀತೆ, ಒಂದು ಕೀರ್ತನೆ, ಹಳೆಯ ಒಡಂಬಡಿಕೆಯ ಒಂದು ಗೀತೆ, ಸ್ತುತಿಯ ಒಂದು ಕೀರ್ತನೆ, ಚಿಕ್ಕ ವಾಚನ, ಪ್ರತಿವಚನ, ಜಕರೀಯನ ಸ್ತುತಿಗೀತೆ, ಬಿನ್ನಹಗಳು, ಪ್ರಭು ಕಲಿಸಿದ ಪ್ರಾರ್ಥನೆ, ಕೊನೆಯ ಪ್ರಾರ್ಥನೆ. ಒಬ್ಬರೇ ಮಾಡಿದರೆ ಹದಿನೈದು ನಿಮಿಷ. ಸಂಜೆ ಎರಡು ಕೀರ್ತನೆ, ಹೊಸ ಒಡಂಬಡಿಕೆಯ ಗೀತೆ, ಜಕರೀಯನ ಜಾಗದಲ್ಲಿ ಮರಿಯಮ್ಮನ ಸ್ತುತಿಗೀತೆ.

ಸಂತರ ಸ್ಮರಣೆಯ ದಿನ ಬಂದೊಡನೆ ಎಲ್ಲವನ್ನೂ ಬದಲಿಸಬೇಕೆಂದು ಹೊಸಬರು ಗಾಬರಿಯಾಗುತ್ತಾರೆ. ಸಾಮಾನ್ಯ ಸ್ಮರಣೆಯಾದರೆ, ಆ ಸಂತರಿಗೆಂದೇ ವಿಶೇಷ ಪಾಠಗಳು ಇಲ್ಲದಿದ್ದಲ್ಲಿ, ಆ ವಾರದ ಕೀರ್ತನೆಗಳನ್ನೇ ಹೇಳಿ ಕೊನೆಯ ಪ್ರಾರ್ಥನೆ ಮಾತ್ರ ಸಂತರದ್ದು ತೆಗೆದುಕೊಳ್ಳಬಹುದು. ಹಬ್ಬ ಮತ್ತು ಮಹೋತ್ಸವವಾದರೆ ಬೆಳಿಗ್ಗೆ ಮೊದಲನೇ ವಾರದ ಭಾನುವಾರದ ಕೀರ್ತನೆಗಳು. ರಾತ್ರಿಯ ಪ್ರಾರ್ಥನೆಗೆ ಇನ್ನೂ ಸಲೀಸಾದ ದಾರಿ ಇದೆ: ಭಾನುವಾರದ್ದನ್ನೇ ಎಲ್ಲ ದಿನವೂ ಹೇಳಲು ಅನುಮತಿ ಉಂಟು. ಹಾಗೆ ಮಾಡಿದವರಿಗೆ ಅದು ಬಾಯಿಪಾಠವಾಗಿ ಹಾಸಿಗೆ ಪಕ್ಕ ಪುಸ್ತಕವೇ ಬೇಡವಾಗುತ್ತದೆ.

ಬೆಳಗಿನದು ತಪ್ಪಿತೆಂದು ಸಂಜೆ ಎರಡನ್ನೂ ಒಟ್ಟಿಗೆ ಹೇಳಿ ಬಾಕಿ ತೀರಿಸುವುದು ಬೇಡ. ಬೆಳಗಿನ ಪ್ರಾರ್ಥನೆ ಬೆಳಗಿಗೆ ಸೇರಿದ್ದು, ಹೋದದ್ದು ಹೋಯಿತು, ಸಂಜೆಯದನ್ನು ನೆಟ್ಟಗೆ ಮಾಡಿ. ಬಾಕಿ ಉಳಿಸಿಕೊಂಡು ಹೋಗುವವರು ಮೂರನೇ ದಿನಕ್ಕೆ ಸುಸ್ತಾಗಿ ಪುಸ್ತಕವನ್ನೇ ಮುಚ್ಚಿಡುತ್ತಾರೆ. ಡೊಮಿನಿಕನ್ ಸಂಪ್ರದಾಯದಲ್ಲಿ ನಿಯಮದ ಉಲ್ಲಂಘನೆ ತನ್ನಷ್ಟಕ್ಕೆ ಪಾಪವಲ್ಲ ಎಂದು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಅಳುಕು ಸ್ವಭಾವದವರು ಇದನ್ನು ನೆನಪಿಟ್ಟುಕೊಳ್ಳಲಿ. ಸೋಮಾರಿಗಳು ಮರೆತರೂ ಅಡ್ಡಿಯಿಲ್ಲ.

ಮೌನ ಪ್ರಾರ್ಥನೆಯ ಅರ್ಧ ಗಂಟೆ ಬೇರೆಯದೇ ಪಾಡು. ಮೊದಲ ಎರಡು ಮೂರು ನಿಮಿಷ ದೇವರ ಸನ್ನಿಧಿಯಲ್ಲಿ ಇದ್ದೇನೆ ಎಂದು ನೆನೆದು ಉಸಿರು ನಿಧಾನವಾಗಲು ಬಿಡಿ. ಆಮೇಲೆ ಐದಾರು ನಿಮಿಷ ಶುಭಸಂದೇಶದ ಕೆಲವೇ ವಾಕ್ಯ ಓದಿ. ಹಿಂದಿನ ರಾತ್ರಿಯೇ ಪುಟ ಗುರುತಿಟ್ಟುಕೊಂಡಿರಬೇಕು, ಇಲ್ಲದಿದ್ದರೆ ಹುಡುಕುವುದರಲ್ಲೇ ಹತ್ತು ನಿಮಿಷ ಹೋಗುತ್ತದೆ. ಉಳಿದ ಹೊತ್ತು ಯೇಸುಸ್ವಾಮಿಯೊಡನೆ ಮಾತು, ಮಾತು ಮುಗಿದಾಗ ಸುಮ್ಮನಿರುವುದು. ಕೊನೆಗೆ ಕೃತಜ್ಞತೆ ಹೇಳಿ ಆ ದಿನಕ್ಕೊಂದು ಸಣ್ಣ ನಿರ್ಧಾರ: ಇಂದು ಅತ್ತೆಯವರಿಗೆ ಎದುರಾಡುವುದಿಲ್ಲ, ಅಂಥದ್ದು.

ಕೆಡುವುದು ಹೆಚ್ಚಾಗಿ ಓದಿನಿಂದ. ಐದು ನಿಮಿಷದ ಓದು ಇಪ್ಪತ್ತೈದಕ್ಕೆ ಬೆಳೆದು ಪ್ರಾರ್ಥನೆ ಮಾಡಿದ ತೃಪ್ತಿ ಮಾತ್ರ ಉಳಿಯುತ್ತದೆ. ಹಾಗೆಂದು ಪುಸ್ತಕವೇ ಬೇಡವೆನ್ನುವುದೂ ಸರಿಯಲ್ಲ. ಆವಿಲಾದ ತೆರೇಸಮ್ಮನವರೇ ಹದಿನೆಂಟು ವರ್ಷ, ಪರಮಪ್ರಸಾದ ಸ್ವೀಕರಿಸಿದ ಹೊತ್ತು ಬಿಟ್ಟರೆ, ಪುಸ್ತಕವಿಲ್ಲದೆ ಪ್ರಾರ್ಥನೆಗೆ ಕೂರಲು ಧೈರ್ಯ ಮಾಡಲಿಲ್ಲವೆಂದು ಬರೆದುಕೊಂಡಿದ್ದಾರೆ. ಮನಸ್ಸು ಓಡಿದಾಗ ಮತ್ತೆರಡು ಸಾಲು ಓದಿ ಮರಳಿ ಬರಲು ಪುಸ್ತಕ, ಕೊನೆ ಮುಟ್ಟಲು ಅಲ್ಲ. ಹಾಸಿಗೆಯಲ್ಲಿ ಕೂತರೆ ನಿದ್ದೆ ಖಂಡಿತ. ಮೊಬೈಲಿನಲ್ಲಿ ಓದಿದರೆ ಸಂದೇಶ ಬರುವುದು ಖಂಡಿತ. ಒಣಗಿದಂತಾಗಿ ಏನೂ ಅನ್ನಿಸದ ದಿನ ಹದಿನೆಂಟನೇ ನಿಮಿಷಕ್ಕೆ ಎದ್ದುಬಿಡುವ ಆಸೆ ಬರುತ್ತದೆ. ಅದಕ್ಕೇ ಟೈಮರ್ ಇಟ್ಟು ಗಡಿಯಾರವನ್ನು ಬೆನ್ನ ಹಿಂದೆ ಹಾಕಿ. ಹೊಸಬರು ಹದಿನೈದು ನಿಮಿಷದಿಂದ ಶುರುಮಾಡಿ ವಾರಕ್ಕೆ ಎರಡೆರಡು ನಿಮಿಷ ಏರಿಸಿದರೆ ಎರಡು ತಿಂಗಳಲ್ಲಿ ಅರ್ಧ ಗಂಟೆ ಕೈಗೆ ಬರುತ್ತದೆ.

ಇಷ್ಟು ಮಾಡಿ ನೋಡಿದ ಮೇಲೂ ಆಸೆ ಉಳಿದಿದ್ದರೆ ಗುಂಪಿನ ಬಾಗಿಲು ತಟ್ಟಬಹುದು. ಮುಂದಿನ ದಾರಿ ಉದ್ದವೇ ಇದೆ. ಕಾರ್ಮೆಲಿನಲ್ಲಿ ಕನಿಷ್ಠ ಆರು ತಿಂಗಳು ಪರಿಚಯದ ಹಂತ, ಆಮೇಲೆ ಮೊದಲ ವಾಗ್ದಾನದವರೆಗೆ ಕನಿಷ್ಠ ಎರಡು ವರ್ಷ, ಅಲ್ಲಿಂದ ಶಾಶ್ವತ ವಾಗ್ದಾನಕ್ಕೆ ಕನಿಷ್ಠ ಮೂರು ವರ್ಷ. ಫ್ರಾನ್ಸಿಸ್ಕನ್ನರಲ್ಲಿ ಪರಿಚಯದ ಹಂತ ಮುಗಿದ ಮೇಲೆ ಕನಿಷ್ಠ ಒಂದು ವರ್ಷದ ತರಬೇತಿ. ವಾಗ್ದಾನಕ್ಕೆ ಕನಿಷ್ಠ 18 ವರ್ಷ ತುಂಬಿರಬೇಕು. ಸೇರಿಸಿಕೊಳ್ಳುವ ಬಗ್ಗೆ ಬಳಗದ, ಅಂದರೆ ಸ್ಥಳೀಯ ಗುಂಪಿನ, ಮಂಡಳಿ ಗುಪ್ತ ಮತದಿಂದ ತೀರ್ಮಾನಿಸುತ್ತದೆ. ಆ ವಾಗ್ದಾನವನ್ನು ಧರ್ಮಸಭೆಯ ಮತ್ತು ಬಳಗದ ಹೆಸರಿನಲ್ಲಿ ಸ್ವೀಕರಿಸುವುದು ಬಳಗದ ಮುಖ್ಯಸ್ಥರು, ಅಂದರೆ ನಿಮ್ಮ ಹಾಗೆಯೇ ಇರುವ ಒಬ್ಬ ಶ್ರೀಸಾಮಾನ್ಯರು. ಗುರುಗಳು ಸಾಕ್ಷಿಯಾಗಿ ಇರುತ್ತಾರೆ. ಇದು ಗೊತ್ತಿಲ್ಲದೆ ಎಲ್ಲಕ್ಕೂ ಫಾದರ್ ಕಡೆ ನೋಡುವ ಬಳಗಗಳು ಎಂದೂ ತಮ್ಮ ಕಾಲ ಮೇಲೆ ನಿಲ್ಲುವುದಿಲ್ಲ.

ವಾಗ್ದಾನದ ಮಾತುಗಳನ್ನು ಕೇಳಿ ಹೆದರುವವರಿದ್ದಾರೆ. ಕಾರ್ಮೆಲಿನವರು ಶುದ್ಧತೆ, ಬಡತನ, ವಿಧೇಯತೆ ಮತ್ತು ಯೇಸುಸ್ವಾಮಿ ಬೆಟ್ಟದ ಮೇಲೆ ಬೋಧಿಸಿದ ಅಷ್ಟಭಾಗ್ಯಗಳ ಚೇತನದಲ್ಲಿ ಬದುಕುತ್ತೇವೆಂದು ಮಾತು ಕೊಡುತ್ತಾರೆ. ಮದುವೆಯಾದವರಿಗೆ ಶುದ್ಧತೆಯೆಂದರೆ ದಾಂಪತ್ಯದ ನಿಷ್ಠೆ. ಬಡತನವೆಂದರೆ ಮನೆ ಮಾರುವುದಲ್ಲ, ಇರುವುದನ್ನು ಹಿಡಿತವಿಟ್ಟು ಬಳಸಿ ಹಂಚಿಕೊಳ್ಳುವುದು. ವಿಧೇಯತೆಯ ಎಲ್ಲೆ ನಿಯಮದ ಎಲ್ಲೆಯೇ. ಕೆಲಸ ಬಿಡಲೋ, ಮಗಳಿಗೆ ಯಾವ ಸಂಬಂಧ ನೋಡಲೋ ಎಂದು ಮಂಡಳಿಯನ್ನು ಕೇಳುವವರಿದ್ದಾರೆ, ಉತ್ತರ ಹೇಳುವ ಮಂಡಳಿಗಳೂ ಇವೆ. ಇಬ್ಬರದೂ ತಪ್ಪು. ಹಾಗೆಯೇ ಸಂದರ್ಶನದಲ್ಲಿ ಪಾಪನಿವೇದನೆಯ ವಿಷಯ ಕೆದಕುವ ಅಧಿಕಾರ ತರಬೇತುದಾರರಿಗೆ ಇಲ್ಲ. ಕೇಳಿದರೆ ಹೇಳಬೇಡಿ.

ಮೊದಲೆರಡು ವರ್ಷದಲ್ಲಿ ಕಾಣುವ ದೊಡ್ಡ ಕಾಯಿಲೆ ಕೂಡಿಸುತ್ತಲೇ ಹೋಗುವುದು. ಮೊದಲೇ ದಿನಕ್ಕೆ ಮೂರು ಜಪಸರ, ಎರಡು ನೊವೇನಾ, ಕರುಣೆಯ ಜಪಮಾಲೆ ಇದ್ದವರು ಅದರ ಮೇಲೆ ದೈನಿಕ ಪ್ರಾರ್ಥನೆಯನ್ನೂ ಹೇರಿಕೊಳ್ಳುತ್ತಾರೆ. ಸೇರುವ ವಾರವೇ ಒಂದು ಹಾಳೆಯಲ್ಲಿ ಈಗ ಮಾಡುತ್ತಿರುವುದನ್ನೆಲ್ಲ ಬರೆದು, ಹೊಸದು ಬರಬೇಕಾದರೆ ಯಾವುದು ಹೋಗಬೇಕು ಎಂದು ಗೆರೆ ಎಳೆಯಿರಿ. ಗೆರೆ ಎಳೆಯಲು ಕೈ ಬಾರದಿದ್ದರೆ ಸಭೆ ಸೇರುವುದನ್ನು ಮುಂದಕ್ಕೆ ಹಾಕಿ. ಇನ್ನೊಂದು, ಮನೆಯನ್ನೇ ಮಠ ಮಾಡಲು ಹೋಗುವುದು. ಮಗುವಿಗೆ ಜ್ವರ ಬಂದ ಸಂಜೆ ಅಮ್ಮ ಬಾಗಿಲು ಹಾಕಿಕೊಂಡು ಕೀರ್ತನೆ ಹೇಳುತ್ತಿದ್ದರೆ ಅದು ಯಾವ ಸಭೆಯ ನಿಯಮದಲ್ಲೂ ಇಲ್ಲ. ಈಗ ಬಾಳಸಂಗಾತಿಯ ಲಿಖಿತ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲವಾದರೂ, ತಿಂಗಳ ಒಂದು ಭಾನುವಾರ ಮನೆಯಲ್ಲಿ ಇರುವುದಿಲ್ಲ ಎಂಬ ಮಾತನ್ನು ಮೊದಲೇ ಆಡಿಕೊಂಡಿರಬೇಕು.

ಬಳಗಗಳಿಗೂ ಅವುಗಳದೇ ಕಾಯಿಲೆ ಉಂಟು. ಎರಡು ಗಂಟೆಯ ಕೂಟದಲ್ಲಿ ಪ್ರಕಟಣೆ, ಹುಟ್ಟುಹಬ್ಬ, ತಿಂಡಿಗೇ ಒಂದೂವರೆ ಗಂಟೆ ಹೋದರೆ ತರಬೇತಿ ನಿಂತಿತೆಂದೇ ಅರ್ಥ. ತರಬೇತಿ ಎಂದರೆ ಉಪನ್ಯಾಸ ಅಂದುಕೊಂಡವರೂ ಇದ್ದಾರೆ. ಹೊಸಬರು ಓದಿ ಬಂದು ತಾವೇ ಮಾತಾಡಬೇಕು, ತರಬೇತುದಾರರು ಕೇಳಿಸಿಕೊಳ್ಳಬೇಕು. ಮೂರು ವರ್ಷಕ್ಕೊಮ್ಮೆ ಚುನಾವಣೆ ಎಂದು ನಿಯಮ ಹೇಳಿದರೂ ಅದೇ ಮುಖ್ಯಸ್ಥರು ದಶಕದಿಂದ ಕೂತಿದ್ದರೆ ಸಾಮಾನ್ಯವಾಗಿ ಕಾರಣ ಅವರ ಆಸೆಯಲ್ಲ, ಉಳಿದವರ ಆಲಸ್ಯ. ಫ್ರಾನ್ಸಿಸ್ಕನ್ನರಲ್ಲಿ ಸ್ಥಳೀಯ ಬಳಗ ಸ್ಥಾಪನೆಯಾಗಲು ಶಾಶ್ವತ ವಾಗ್ದಾನ ಮಾಡಿದ ಐದು ಜನ ಬೇಕು. ಆ ಐದು ಜನ ಹೇಗಾದರೂ ಆಗಲಿ ಎಂದು ಬಂದವರನ್ನೆಲ್ಲ ಸೇರಿಸಿಕೊಂಡರೆ ಹತ್ತು ವರ್ಷ ಅದರ ಬಡ್ಡಿ ಕಟ್ಟಬೇಕಾಗುತ್ತದೆ.

ಹಾಗಾಗಿ ಮೊದಲ ಭೇಟಿಯಲ್ಲಿ ನೀವೂ ಪ್ರಶ್ನೆ ಕೇಳಿ. ಈಗ ಜಾರಿಯಲ್ಲಿರುವ ನಿಯಮದ ಪ್ರತಿ ಕೊಡುತ್ತೀರಾ? ಕಳೆದ ಚುನಾವಣೆ ಯಾವಾಗ ಆಯಿತು? ಸಭೆಯ ಕಡೆಯಿಂದ ಆತ್ಮಿಕ ಸಹಾಯಕರು ಯಾರು, ಎಷ್ಟು ತಿಂಗಳಿಗೊಮ್ಮೆ ಬರುತ್ತಾರೆ? ವಾರ್ಷಿಕ ಧ್ಯಾನಕೂಟ ಇದೆಯೇ? ವಯಸ್ಸಾಗಿ ಕೂಟಕ್ಕೆ ಬರಲಾಗದ ಸದಸ್ಯರನ್ನು ಕಳೆದ ತಿಂಗಳು ಯಾರು ನೋಡಿಬಂದರು? ಸಾಮಾನ್ಯ ನಿಧಿಗೆ ಯಥಾಶಕ್ತಿ ಕಾಣಿಕೆ ಎಲ್ಲೆಡೆ ಇರುತ್ತದೆ. ಸೇರುವುದಕ್ಕೇ ದೊಡ್ಡ ಮೊತ್ತ ಹೇಳಿದರೆ ಪ್ರಾಂತ್ಯದ ಮಟ್ಟದಲ್ಲಿ ವಿಚಾರಿಸಿ.

ಎರಡು ಸಭೆಗಳಿಗೆ ಒಟ್ಟಿಗೆ ಸೇರಬಹುದೇ ಎಂಬುದು ಮಾಮೂಲಿ ಪ್ರಶ್ನೆ. ಒಬ್ಬರು ಹಲವು ಸಂಘಗಳಲ್ಲಿರಲು ಕಾನೂನಿನ 307ನೇ ವಿಧಿ ಬಿಡುತ್ತದೆ. ಆದರೆ ಒಂದು ಸಭೆಗೆ ಶಾಶ್ವತ ವಾಗ್ದಾನ ಮಾಡಿದವರು ಇನ್ನೊಂದಕ್ಕೂ ಮಾಡುವುದನ್ನು ಸಭೆಗಳ ಸ್ವಂತ ನಿಯಮಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬಿಡುವ ದಾರಿಯೂ ತಿಳಿದಿರಲಿ. ತರಬೇತಿಯ ಹಂತದಲ್ಲಿ ಒಂದು ಮಾತು ಹೇಳಿ ಹೊರಟರೆ ಸಾಕು. ತಾತ್ಕಾಲಿಕ ವಾಗ್ದಾನದ ಅವಧಿ ಮುಗಿದಾಗ ನವೀಕರಿಸದೆ ಇರಬಹುದು. ಶಾಶ್ವತ ವಾಗ್ದಾನದ ನಂತರವಾದರೆ ಕಾರಣ ಬರೆದು ಮಂಡಳಿಗೆ ಪತ್ರ ಕೊಡಬೇಕು. ನ್ಯಾಯವಾದ ಕಾರಣವಿಲ್ಲದೆ ಮಂಡಳಿಯೂ ಯಾರನ್ನೂ ತೆಗೆದುಹಾಕುವಂತಿಲ್ಲ, 308ನೇ ವಿಧಿ ಅದನ್ನು ತಡೆಯುತ್ತದೆ. ಊರು ಬದಲಾಯಿಸುವವರು ಬಿಡಬೇಕಾಗಿಲ್ಲ. ಹಳೆಯ ಬಳಗದಿಂದ ವಾಗ್ದಾನದ ದಿನಾಂಕ ಇರುವ ಪತ್ರ ಪಡೆದು ಹೊಸ ಬಳಗದ ಕಾರ್ಯದರ್ಶಿಗೆ ಕೊಟ್ಟರೆ ವರ್ಗಾವಣೆ ನಡೆಯುತ್ತದೆ. ಆ ಪತ್ರವನ್ನು ಊರು ಬಿಡುವ ಮೊದಲೇ ಕೇಳಿ ತೆಗೆದುಕೊಳ್ಳಿ.